ಅಮ್ಮನ ಹಿಮದ ಪಿಕ್ಚರುಗಳು

ನನ್ನ ಅಮ್ಮನಿಗೆ ಮದುವೆ ನಿಶ್ಚಯವಾದ ಸುದ್ದಿ ನನಗೆ ಗೊತ್ತಾದದ್ದು ದೋಹಾದ ಚರ್ಚಿನಲ್ಲಿ, ಇಡೀ ಊರವರ ಜೊತೆಗೆ, ಮೈಕಿನಲ್ಲಿ.

ಹೇಳಿದರೆ ಜನ ಈಗಲೂ ನಗುತ್ತಾರೆ. ನಗಲಿ. ಅಂದು ಆ ಬೆಂಚಿನ ಮೇಲೆ ಕೂತಿದ್ದವಳು ನಾನು, ನಗುವವರಲ್ಲ.

ದೋಹಾದಲ್ಲಿ ನಮಗೆ ಶುಕ್ರವಾರವೇ ಭಾನುವಾರ. ರಜೆ ಅಂದು, ಹಾಗಾಗಿ ವಾರದ ಪೂಜೆಯೂ ಅಂದೇ. ಚರ್ಚು ಆಗ ಹೊಸದು. ಅದಕ್ಕೆ ಮೊದಲು ವರ್ಷಗಟ್ಟಲೆ ಯಾವುದೋ ಶಾಲೆಯ ಹಾಲು, ಯಾರದೋ ವಿಲ್ಲಾ ಎಂದು ಅಲೆದವರು ನಾವು. ಹೊರಗಿನಿಂದ ನೋಡಿದರೆ ಶಿಲುಬೆಯಿಲ್ಲ, ಗಂಟೆಯಿಲ್ಲ, ಗೇಟಿನಲ್ಲಿ ಚೀಲ ಬಿಚ್ಚಿ ತೋರಿಸಬೇಕು. ಒಳಗೆ ಹೋದರೆ ಮಾತ್ರ ಎಲ್ಲ ಊರಿನ ಹಾಗೆಯೇ. ಕೊಂಕಣಿ ಪೂಜೆ ಮುಗಿಯುವ ಹೊತ್ತಿಗೆ ಪಾದ್ರಿಗಳು ಪ್ರಕಟಣೆಗಳನ್ನು ಓದುತ್ತಾರೆ. ಕ್ಯಾರಲ್ ಅಭ್ಯಾಸ ಯಾವ ಹೊತ್ತಿಗೆ, ಕಾರನ್ನು ಅಡ್ಡ ನಿಲ್ಲಿಸಿ ಬಂದವರು ಯಾರು, ಇಂಥವೆಲ್ಲ. ಕೊನೆಗೆ ಮದುವೆಯ ಹೆಸರುಗಳು. ನಮ್ಮಲ್ಲಿ ಮದುವೆಗೆ ಮೊದಲು ಗಂಡು ಹೆಣ್ಣಿನ ಹೆಸರನ್ನು ಮೂರು ವಾರ ಚರ್ಚಿನಲ್ಲಿ ಓದಬೇಕು. ಗಂಡಿನ ಚರ್ಚಿನಲ್ಲೂ ಓದುತ್ತಾರೆ, ಹೆಣ್ಣಿನ ಚರ್ಚಿನಲ್ಲೂ ಓದುತ್ತಾರೆ. ಮದುವೆಗೆ ಅಡ್ಡಿ ಏನಾದರೂ ಗೊತ್ತಿದ್ದವರು ಬಂದು ತಿಳಿಸಬೇಕು.

ಅಂದು ಪಾದ್ರಿಗಳು ಮೊದಲು ಓದಿದ್ದು ಗಂಡಿನ ಹೆಸರು. ಕಿನ್ನಿಗೋಳಿ ಕಡೆಯವರು, ಸದ್ಯ ದೋಹಾ ನಿವಾಸಿ, ವಿಧುರ. ಕೇಳಿದ ಕೂಡಲೇ ನನಗೆ ಖುಷಿಯೇ ಆಯಿತು. ಅವರು ನಮಗೆ ಚೆನ್ನಾಗಿ ಪರಿಚಯದವರು. ಕಟ್ಟಡ ಕಂಪನಿಯೊಂದರಲ್ಲಿ ಸ್ಟೋರ್ ಕೀಪರ್, ಜನವರಿಯಲ್ಲಿ ಕೆಲಸ ಮುಗಿಸಿ ಊರಿಗೆ ಹೊರಡುವವರು. ಒಂದು ಕ್ರಿಸ್ಮಸ್ ತಿಂಡಿಯ ದೆಸೆಯಿಂದ ನಮ್ಮ ಮನೆಯಲ್ಲಿ ಅವರಿಗೆ ಕಿಡಿಯೊ ಅಂಕಲ್ ಎಂದೇ ಹೆಸರು. ‘ನೋಡು ಅಮ್ಮ, ನಮ್ಮ ಅಂಕಲ್ ಗುಟ್ಟಾಗಿ ಎಂಥ ಕೆಲಸ ಮಾಡಿದ್ದಾರೆ’ ಎಂದು ಹೇಳಲು ಅಮ್ಮನ ಮೊಣಕೈಯನ್ನು ತಿವಿದೆ. ತಿವಿದ ಕೈ ಇನ್ನೂ ಅಲ್ಲೇ ಇತ್ತು, ಪಾದ್ರಿಗಳು ಹೆಣ್ಣಿನ ಹೆಸರು ಓದಿದರು. ಶಿರ್ವದವರು, ದಿವಂಗತ ಇಂಥವರ ವಿಧವೆ.

ಆ ದಿವಂಗತರು ನನ್ನ ಅಪ್ಪ.

ಒಂದೇ ಹೆಸರಿನ ಬೇರೆ ಯಾರಾದರೂ ಇರಬಹುದೇ ಎಂದು ಒಂದು ಕ್ಷಣ ನಿಜವಾಗಿಯೂ ಯೋಚಿಸಿದೆ. ಗಂಡ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ಮುಂದಿನ ಸಾಲಿನ ತಲೆಗಳು ಒಂದೊಂದಾಗಿ ನಮ್ಮ ಕಡೆ ತಿರುಗಿದವು. ಅಮ್ಮ ಮಾತ್ರ ಮಡಿಲಲ್ಲಿ ಜಪಸರ ಇಟ್ಟುಕೊಂಡು ಬಲಿಪೀಠವನ್ನೇ ನೋಡುತ್ತ ಕೂತಿದ್ದಳು. ಗಿಳಿಹಸಿರು ಸೀರೆ ಉಟ್ಟಿದ್ದಳು. ಅಪ್ಪ ತೀರಿಹೋದ ಮೇಲೆ ಬೂದಿ, ಕಂದು ಬಿಟ್ಟರೆ ಬೇರೆ ಬಣ್ಣ ಉಡದಿದ್ದವಳು. ಬೆಳಿಗ್ಗೆ ಆ ಸೀರೆ ನೋಡಿ ನಾನು ಇಸ್ತ್ರಿ ಹಾಕಿಕೊಟ್ಟಿದ್ದೆ. ಕ್ರಿಸ್ಮಸ್ ಹತ್ತಿರ ಬಂತಲ್ಲ, ಅದಕ್ಕೆ ಎಂದುಕೊಂಡಿದ್ದೆ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಇದಕ್ಕೇ.

ಇಷ್ಟಕ್ಕೆಲ್ಲ ಮೂಲ ಟಿವಿಯ ಪಿಕ್ಚರುಗಳು. ಅದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ಅಮ್ಮ ಆ ವರ್ಷ ನನ್ನ ಮಗಳನ್ನು ನೋಡಿಕೊಳ್ಳಲು ಬಂದಿದ್ದಳು. ಊರಿನಲ್ಲಿ ಇದ್ದದ್ದು ಅಣ್ಣನ ಮನೆಯಲ್ಲಿ. ವಿಸಿಟ್ ವೀಸಾ, ಅದನ್ನೂ ಮುಂದುವರಿಸಿದ್ದೆವು. ನಮ್ಮ ಫ್ಲ್ಯಾಟ್ ಇದ್ದದ್ದು ಓಲ್ಡ್ ಏರ್‌ಪೋರ್ಟ್ ಎಂಬ ಬಡಾವಣೆಯಲ್ಲಿ, ಕೆಳಗೆ ಇಳಿದರೆ ಮಲಯಾಳಿಗಳ ಕಿರಾಣಿ ಅಂಗಡಿ, ತಲೆಯ ಮೇಲೆ ವಿಮಾನ. ನನ್ನ ಆಫೀಸಿಗೆ ಆಗಿನ ಕಾಲದ ಎರಡು ಹೊತ್ತಿನ ಕೆಲಸ. ಬೆಳಿಗ್ಗೆ ಹೋಗಿ ಮಧ್ಯಾಹ್ನ ಮನೆಗೆ ಬರುವುದು, ಉಂಡು ಸ್ವಲ್ಪ ಕಾಲು ಚಾಚಿ ಮತ್ತೆ ಸಂಜೆಯ ಪಾಳಿಗೆ ಹೊರಡುವುದು. ಆ ಮಧ್ಯಾಹ್ನದ ಬಿಡುವೇ ನನ್ನ ಮತ್ತು ಅಮ್ಮನ ಹೊತ್ತು. ಮಗು ಮಲಗಿರುತ್ತಿತ್ತು, ಎಸಿ ಗುರ್ ಎನ್ನುತ್ತಿತ್ತು, ಟಿವಿಯಲ್ಲಿ ಹಿಮ ಬೀಳುತ್ತಿತ್ತು.

ಅರಬ್ ಸ್ಯಾಟಲೈಟ್ ಚಾನೆಲ್ ಒಂದರಲ್ಲಿ ನವೆಂಬರ್ ಬಂತೆಂದರೆ ಈ ಪಿಕ್ಚರುಗಳು ಶುರುವಾಗುತ್ತಿದ್ದವು. ಟಿವಿಗೆಂದೇ ಮಾಡಿದವು, ಥಿಯೇಟರಿನ ಮುಖ ಕಂಡವಲ್ಲ. ಎಲ್ಲದರಲ್ಲೂ ಒಂದು ಚಿಕ್ಕ ಊರು. ಪಟ್ಟಣದಿಂದ ಮುಖ ಊದಿಸಿಕೊಂಡು ಬರುವ ಒಬ್ಬ ಹೆಂಗಸು. ಸೌದೆ ಒಡೆಯುವ, ಷರ್ಟಿನ ತೋಳು ಮಡಚಿದ ಒಬ್ಬ ಗಂಡಸು. ಮೊದಲು ಜಗಳ, ಆಮೇಲೆ ಇಬ್ಬರೂ ಸೇರಿ ಬಿಸ್ಕತ್ತು ಬೇಯಿಸುವುದು, ಮೂಗಿಗೆ ಮೈದಾ ಹಿಟ್ಟು ಹತ್ತುವುದು, ಕೊನೆಗೆ ಕ್ರಿಸ್ಮಸ್ ಮರದ ಕೆಳಗೆ ಎಲ್ಲವೂ ಸರಿಹೋಗುವುದು. ಯಾರಿಗೂ ಬಾಡಿಗೆ ಕಟ್ಟುವ ಚಿಂತೆಯಿಲ್ಲ, ಬಾಸ್ ಇಲ್ಲ, ವೀಸಾ ಇಲ್ಲ. ಇದನ್ನೆಲ್ಲ ಗೇಲಿ ಮಾಡುತ್ತಲೇ ಒಂದನ್ನೂ ಬಿಡದೆ ನೋಡುತ್ತಿದ್ದೆ. ಕೆಲಸದ ದಿನಗಳಲ್ಲಿ ನನಗೆ ಕೊನೆ ಮಾತ್ರ ಸಿಗುತ್ತಿರಲಿಲ್ಲ. ಪಿಕ್ಚರು ಮುಗಿಯುವ ಮೊದಲೇ ಆಫೀಸಿಗೆ ಓಡಬೇಕು. ಸಂಜೆ ಬಂದಾಗ ಅಮ್ಮ ಚಹಾದ ಜೊತೆ ಕೊನೆಯನ್ನು ಹೇಳುತ್ತಿದ್ದಳು.

ಅಮ್ಮನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೆ. ಮಧ್ಯೆ ಮಧ್ಯೆ ನಾನು ಅರ್ಥ ಹೇಳಬೇಕು. ಆದರೆ ಅವಳ ವಿಮರ್ಶೆಗೆ ಭಾಷೆ ಬೇಕಿರಲಿಲ್ಲ.

“ಇವರು ಆಗಮನ ಕಾಲದಲ್ಲಿ ಮದುವೆ ಇಟ್ಟುಕೊಂಡಿದ್ದಾರಲ್ಲ, ಈ ಊರಲ್ಲಿ ಪಾದ್ರಿ ಇಲ್ವಾ?” ಎನ್ನುತ್ತಿದ್ದಳು. ಕ್ರಿಸ್ಮಸ್ಸಿಗೆ ಮೊದಲಿನ ಆ ವಾರಗಳಲ್ಲಿ ನಮ್ಮ ಊರಿನಲ್ಲಿ ಯಾರೂ ಮದುವೆ ಮಾಡುವುದಿಲ್ಲ. ಏನಿದ್ದರೂ ಜನವರಿಯಲ್ಲಿ, ಮೂರು ರಾಯರ ಹಬ್ಬ ಕಳೆದ ಮೇಲೆ.

ಇನ್ನೊಂದು ವಿಷಯ ಅವಳಿಗೆ ಬಹಳ ಮೆಚ್ಚುಗೆಯಾಗಿತ್ತು. “ಎಷ್ಟು ಮರ್ಯಾದೆಯ ಪಿಕ್ಚರ್ ನೋಡು. ಮಾತಾಡ್ತಾರೆ, ಒಟ್ಟಿಗೆ ಅಡಿಗೆ ಮಾಡ್ತಾರೆ, ಒಪ್ಪಿಕೊಳ್ತಾರೆ. ಕೈ ಸಹ ಸರಿಯಾಗಿ ಮುಟ್ಟುದಿಲ್ಲ.”

ಅಂದು ಶುಕ್ರವಾರ, ಮನೆಯಲ್ಲಿದ್ದ ಗಂಡನೂ ನಾನೂ ಮುಖ ಮುಖ ನೋಡಿಕೊಂಡೆವು. ಆ ಚಾನೆಲ್‌ನವರು ಮುತ್ತು ಕೊಡುವ ದೃಶ್ಯವನ್ನೆಲ್ಲ ಕತ್ತರಿಸುತ್ತಿದ್ದರು. ಇಬ್ಬರೂ ಹತ್ತಿರ ಬರುತ್ತಾರೆ, ಪಿಯಾನೊ ಮೇಲೇರುತ್ತದೆ, ಟಕ್ ಎಂದು ಚಿತ್ರ ಜಿಗಿಯುತ್ತದೆ, ಇಬ್ಬರೂ ಮಾರು ದೂರ ನಿಂತು ನಗುತ್ತಿರುತ್ತಾರೆ, ಸುತ್ತಲಿನವರು ಚಪ್ಪಾಳೆ ಹೊಡೆಯುತ್ತಾರೆ. ಎಂತಕ್ಕೆ ಚಪ್ಪಾಳೆ ಎಂದು ಅಮ್ಮ ಎಂದೂ ಕೇಳಲಿಲ್ಲ. ಮದುವೆ ಮಾತು ಮುಗಿಯಿತಲ್ಲ, ಅದಕ್ಕೆ ಎಂದು ಅವಳ ಲೆಕ್ಕ. “ಅದು ಅವರ ಮರ್ಯಾದೆ ಅಲ್ಲ, ಕತ್ತರಿಯ ಮರ್ಯಾದೆ” ಎಂದು ಗಂಡ ನನಗೆ ಮಾತ್ರ ಕೇಳುವ ಹಾಗೆ ಹೇಳಿದರು. ಅಮ್ಮನಿಗೆ ಹೇಳುವ ಮನಸ್ಸಾಗಲಿಲ್ಲ. ಹೀಗೆ, ಈ ವಯಸ್ಸಿನವರಿಗೂ ಒಪ್ಪುವಂಥ ಒಂದು ಸಭ್ಯ ಪ್ರೇಮ ಈ ಲೋಕದಲ್ಲಿ ಉಂಟು ಎಂದು ಅಮ್ಮ ದೋಹಾದ ಸೋಫಾದ ಮೇಲೆ ಕೂತು ನಂಬಿದಳು.

ಕಿಡಿಯೊ ಅಂಕಲ್ ನಮ್ಮ ಮನೆಗೆ ಮೊದಲು ಬಂದದ್ದು ಸೆಪ್ಟೆಂಬರಿನಲ್ಲಿ, ಮೊಂತಿ ಹಬ್ಬದ, ಅಂದರೆ ನಮ್ಮ ತೆನೆ ಹಬ್ಬದ, ಹಿಂದಿನ ದಿನ. ಆ ಹಬ್ಬಕ್ಕೆ ನಮ್ಮಲ್ಲಿ ತರಕಾರಿ ಊಟ, ಅದರಲ್ಲಿ ಕೆಸುವಿನ ದಂಟು ಇಲ್ಲದಿದ್ದರೆ ಅಮ್ಮನಿಗೆ ಹಬ್ಬವೇ ಅಲ್ಲ. ಚರ್ಚಿನಲ್ಲಿ ಈ ಗೋಳು ಕೇಳಿದ ಅಂಕಲ್ ಎಲ್ಲೆಲ್ಲೋ ಹುಡುಕಿ ಒಂದು ಕಟ್ಟು ತಂದುಕೊಟ್ಟರು. ನವೆಂಬರ್ ಕೊನೆಗೆ ಚರ್ಚಿನ ಮಾರಾಟಕ್ಕೆಂದು ಕುಸ್ವಾರ್, ಅಂದರೆ ನಮ್ಮ ಕ್ರಿಸ್ಮಸ್ ತಿಂಡಿಗಳು, ನಮ್ಮ ಹಾಲ್‌ನಲ್ಲೇ ತಯಾರಾದವು. ನೆವ್ರಿಗೆ, ಅಂದರೆ ಕರ್ಜಿಕಾಯಿಗೆ, ಹೂರಣ ತುಂಬಿಸಲು ಹೆಂಗಸರಿದ್ದರು. ಕಿಡಿಯೊ ಮಾಡಲು ತಾಳ್ಮೆ ಬೇಕು. ಹಿಟ್ಟಿನ ಚಿಕ್ಕ ಉಂಡೆಯನ್ನು ಹೊಸ ಬಾಚಣಿಗೆಯ ಹಲ್ಲಿನ ಮೇಲೆ ಒತ್ತಿ ಹುಳುವಿನ ಹಾಗೆ ಸುರುಳಿ ಮಾಡಬೇಕು. ಅಂಕಲ್ ಒಂದು ಡಜನ್ ಹೊಸ ಬಾಚಣಿಗೆ ತಂದರು, ನೆಲದ ಮೇಲೆ ಪೇಪರ್ ಹಾಸಿ ಅಮ್ಮನ ಎದುರು ಕೂತರು, ಸಂಜೆಯವರೆಗೆ ಒತ್ತಿದರು. ಹೆಚ್ಚು ಮಾತಿಲ್ಲ. “ಇದು ದಪ್ಪ ಆಯ್ತು” ಎಂದು ಅಮ್ಮ, “ಹೌದಾ, ಕೊಡಿ, ಮತ್ತೆ ಒತ್ತುವಾ” ಎಂದು ಅವರು. ಮೂಗಿಗೆ ಹಿಟ್ಟು ಹತ್ತಿದ್ದನ್ನು ನಾನು ನೋಡಿಲ್ಲ. ಹತ್ತಿದ್ದರೆ ಬಹುಶಃ ಗೊತ್ತಾಗುತ್ತಿತ್ತು.

ಇನ್ನು ಚರ್ಚಿನಿಂದ ಮನೆಗೆ ಬಂದ ಆ ಶುಕ್ರವಾರಕ್ಕೆ ಬರುತ್ತೇನೆ. ಪೂಜೆ ಮುಗಿದ ಕೂಡಲೇ ಹತ್ತು ಜನ ಹೆಂಗಸರು ಅಮ್ಮನ ಕೈ ಹಿಡಿಯಲು ಬಂದರು. ಅರ್ಧ ಮಂದಿ ಶುಭ ಹೇಳಲು, ಅರ್ಧ ಮಂದಿ ನನ್ನ ಮುಖ ನೋಡಲು. ಗಂಡ ಮಗುವನ್ನು ಎತ್ತಿಕೊಂಡು, “ಯಲ್ಲಾ, ಮೊದಲು ಕಾರು ಹತ್ತಿ” ಎಂದರು. ಸಿಗ್ನಲ್ಲಿನಲ್ಲಿ ನಿಂತಾಗ ಮಗು, “ಅಜ್ಜಿ, ಫಾದರ್ ನಿನ್ನ ನೇಮ್ ಹೇಳಿದ್ರು” ಎಂದಿತು. ಅಮ್ಮ “ಹೂಂ ಪುಟ್ಟಾ” ಎಂದು ಅದರ ಕೂದಲು ಸರಿಮಾಡಿದಳು.

ಮನೆಯೊಳಗೆ ಕಾಲಿಟ್ಟ ಮೇಲೆ ನಾನು ಬಾಯಿ ಬಿಟ್ಟೆ. “ಅಮ್ಮ, ಎಂತ ಇದು?”

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೀನಿನ ಸಾರನ್ನು ಒಲೆಗೆ ಇಡುತ್ತಿದ್ದಳು. ತಿರುಗಿ ನೋಡಿದ ಅವಳ ಮುಖದಲ್ಲಿ ನನಗಿಂತ ಹೆಚ್ಚಿನ ಆಶ್ಚರ್ಯ ಇತ್ತು. “ಎಂತ ಅಂದ್ರೆ? ನಿನಗೆ ಗೊತ್ತುಂಟಲ್ಲ.”

“ನನಗೆ? ಯಾರು ಹೇಳಿದ್ದು?”

“ನಿನ್ನನ್ನು ಕೇಳಿಯೇ ಅಲ್ವಾ ನಾನು ಅವರಿಗೆ ಹೂಂ ಅಂದದ್ದು.”

“ಯಾವಾಗ ಕೇಳಿದ್ದಿ?”

“ಆ ವಸತಿಗೃಹ ನಡೆಸುವ ಹೆಂಗಸಿನ ಪಿಕ್ಚರ್ ನೋಡುವಾಗ,” ಎಂದಳು ಅಮ್ಮ.

ಅಡಿಗೆಮನೆಯ ಸ್ಟೂಲಿನ ಮೇಲೆ ನಾನು ಕೂತುಬಿಟ್ಟೆ. ಆ ಪಿಕ್ಚರ್ ನನಗೆ ನೆನಪಿತ್ತು. ಗುಡ್ಡದ ಮೇಲೊಂದು ವಸತಿಗೃಹ, ಅದನ್ನು ನಡೆಸುವ ವಿಧವೆ, ನಮ್ಮ ಅಮ್ಮನಿಗಿಂತ ಸ್ವಲ್ಪ ಚಿಕ್ಕವಳು. ಸೋರುವ ಮಾಡಿನ ರಿಪೇರಿಗೆ ಬರುವ ಒಬ್ಬ ಮುದುಕ ಬಡಗಿ. ಪಟ್ಟಣದಲ್ಲಿರುವ ಅವಳ ಮಗಳು ಹಬ್ಬಕ್ಕೆ ಬಂದಿರುತ್ತಾಳೆ. ಅಂದು ಅಮ್ಮ ಹುರುಳಿಕಾಯಿ ಮುರಿಯುತ್ತ ಕೂತಿದ್ದಳು. ಪ್ರಶ್ನೆಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಈ ವಯಸ್ಸಿನಲ್ಲಿ ಅವಳಿಗೆ ಇದು ಚೆಂದವಾ? ಯಾಕೆ, ವಯಸ್ಸಾದವರು ಮನುಷ್ಯರಲ್ವಾ ಎಂದಿದ್ದೆ ನಾನು. ಆ ಮಗಳಿಗೆ ಬೇಸರ ಆಗ್ಲಿಕ್ಕಿಲ್ವಾ? ಬುದ್ಧಿ ಇರುವ ಮಗಳಾದರೆ ಯಾಕೆ ಬೇಸರ ಎಂದಿದ್ದೆ. ಜನ ಎಂತ ಹೇಳ್ತಾರೆ? ಜನರಿಗೆ ಎರಡು ದಿನ ಮಾತು, ಮೂರನೇ ದಿನ ಬೇರೆಯವರ ಮನೆ ಸುದ್ದಿ ಎಂದಿದ್ದೆ. ಕೊನೆಗೆ ಅಮ್ಮ ಹುರುಳಿಕಾಯಿಯಿಂದ ಕಣ್ಣು ಎತ್ತದೆ, “ನೀನಾದ್ರೆ ಎಂತ ಮಾಡ್ತಿದ್ದಿ?” ಎಂದು ಕೇಳಿದ್ದಳು. ನಾನು ಗಡಿಯಾರ ನೋಡಿ ಚಪ್ಪಲಿ ಹುಡುಕುತ್ತ, “ನಾನಾ? ಮದುವೆ ಸೀರೆ ನಾನೇ ತೆಗೆದುಕೊಡ್ತಿದ್ದೆ” ಎಂದು ನಕ್ಕು ಆಫೀಸಿಗೆ ಓಡಿದ್ದೆ.

“ಅದು ಪಿಕ್ಚರ್ ಅಮ್ಮ,” ಎಂದೆ.

“ಪಿಕ್ಚರೇ. ಮತ್ತೆ ಇಂಥದ್ದನ್ನು ಮುಖಕ್ಕೆ ಮುಖ ಇಟ್ಟು ಕೇಳ್ತಾರಾ ಯಾರಾದ್ರೂ?”

ಅಮ್ಮ ಹೇಳಿದ್ದು ನಿಜ. ನಮ್ಮ ಕುಟುಂಬದಲ್ಲಿ ಮದುವೆಯ ಮಾತನ್ನು ನೇರವಾಗಿ ಯಾರೂ ಯಾರಿಗೂ ಕೇಳಿದ್ದೇ ಇಲ್ಲ. ಅದು ಯಾವಾಗಲೂ ಮೂರನೆಯವರ ಮನೆಯ ಸುದ್ದಿಯಾಗಿ ಬರುತ್ತದೆ. ಬೇಡ ಎಂದರೆ ಯಾರಿಗೂ ಅವಮಾನವಾಗಬಾರದು, ಅದಕ್ಕೆ. ನನ್ನ ಮದುವೆಯೇ ಹಾಗೆ ಆದದ್ದು. ಒಂದು ರಾತ್ರಿ ಊಟದ ಹೊತ್ತಿಗೆ ಅಪ್ಪ ಅಮ್ಮನ ಹತ್ತಿರ, “ಕಾರ್ಕಳದ ಒಂದು ಹುಡುಗಿಗೆ ಗಲ್ಫಿನ ಸಂಬಂಧ ಬಂದಿದೆಯಂತೆ. ಆ ಹುಡುಗಿಗೆ ಅಷ್ಟು ದೂರ ಹೋಗ್ಲಿಕ್ಕೆ ಮನಸ್ಸು ಉಂಟೋ ಇಲ್ವೋ” ಎಂದರು. ನಾನು ಬಟ್ಟಲು ತೊಳೆಯುತ್ತ, “ಗಲ್ಫಾದ್ರೆ ಎಂತ, ಒಳ್ಳೆಯದೇ ಅಲ್ವಾ” ಎಂದೆ. ಮರುವಾರ ಗಂಡಿನ ಮನೆಯವರು ಬಂದು ಬಾಳೆಹಣ್ಣು ತಿಂದರು. ಕಾರ್ಕಳದಲ್ಲಿ ಅಂಥ ಹುಡುಗಿ ಇರಲೇ ಇಲ್ಲ. ಈ ಕತೆಯನ್ನು ಆಫೀಸಿನಲ್ಲಿ ಎಷ್ಟು ಸಲ ಹೇಳಿ ಎಲ್ಲರನ್ನೂ ನಗಿಸಿದ್ದೆನೋ. ಈಗ ಅದೇ ಹೊಂಡಕ್ಕೆ ಎರಡನೇ ಸಲ ಬಿದ್ದಿದ್ದೆ.

“ಅಣ್ಣನಿಗೆ ಹೇಳಿದ್ದೀಯಾ?” ಎಂದು ಕೇಳಿದೆ.

“ನೀನು ಹೇಳಿರ್ತಿ ಅಂತ. ಮೊನ್ನೆ ಅಷ್ಟು ಹೊತ್ತು ಫೋನಿನಲ್ಲಿ ಮಾತಾಡ್ತಿದ್ದಿಯಲ್ಲ.”

ಮೊನ್ನೆ ನಾವು ಮಾತಾಡಿದ್ದು ಅಣ್ಣನ ಹೊಸ ಫ್ರಿಜ್ಜಿನ ಬಗ್ಗೆ. ಊರಿನ ಚರ್ಚಿನಲ್ಲಿ ಓದುವುದು ಭಾನುವಾರ. ಮಧ್ಯೆ ಶನಿವಾರ ಒಂದಿತ್ತು. ಆ ಶನಿವಾರ ನಾನು ಫೋನಿನ ಮುಂದೆ ಎಷ್ಟೋ ಸಲ ಹೋಗಿ ನಿಂತೆ. ಏನೆಂದು ಶುರುಮಾಡುವುದು? ‘ಅಣ್ಣಾ, ಶಿರ್ವದ ಒಂದು ಹೆಂಗಸಿಗೆ ಸಂಬಂಧ ಬಂದಿದೆಯಂತೆ’ ಎಂದೇ?

ಭಾನುವಾರ ಅಣ್ಣನದೇ ಫೋನ್ ಬಂತು. ಅವನು ಕಿರುಚಲಿಲ್ಲ. ಕಿರುಚಿದ್ದರೆ ಒಳ್ಳೆಯದಿತ್ತು. “ಚರ್ಚಿನಿಂದ ಹೊರಗೆ ಬರುವಾಗ ಒಬ್ಬ ಕೈ ಕುಲುಕಿ ಕಂಗ್ರಾಜುಲೇಶನ್ಸ್ ಅಂದ,” ಎಂದ. ಆಮೇಲೆ, “ನನ್ನ ಮನೆಯಲ್ಲಿ ಅಮ್ಮನಿಗೆ ಎಂತ ಕಮ್ಮಿ ಆಗಿತ್ತು? ನೀನು ಅಲ್ಲಿ ಪಕ್ಕದಲ್ಲೇ ಇದ್ದು ಎಂತ ಮಾಡ್ತಾ ಇದ್ದಿ?” ಎಂದ.

“ಪಿಕ್ಚರ್ ನೋಡ್ತಾ ಇದ್ದೆ,” ಎಂದೆ. ಬೇರೆ ಸತ್ಯ ನನ್ನ ಹತ್ತಿರ ಇರಲಿಲ್ಲ.

“ತಮಾಷೆ ಬೇಡ. ನಿನಗೆ ಗೊತ್ತಿಲ್ಲದೆ ಇದು ನಡೀತಾ?”

ಆಗ ನನಗೆ ಕೋಪ ನೆತ್ತಿಗೇರಿತು. ಅವನ ಮೇಲೋ, ಅಮ್ಮನ ಮೇಲೋ, ಆ ಬಡಗಿಯ ಮೇಲೋ ಗೊತ್ತಿಲ್ಲ. “ನನ್ನನ್ನು ಯಾರೂ ಕೇಳಲಿಲ್ಲ ಅಣ್ಣಾ. ಚರ್ಚಿನಲ್ಲಿ ಮೈಕಿನಲ್ಲಿ ಕೇಳಿದ್ದು ನಾನು ಸಹ. ನನ್ನ ಒಪ್ಪಿಗೆ ಅಂತ ಯಾರಾದರೂ ಹೇಳಿದ್ರೆ ನಂಬಬೇಡ,” ಎಂದೆ. ಫೋನು ಇಟ್ಟು ತಿರುಗಿದರೆ ಬಾಗಿಲಲ್ಲಿ ಅಮ್ಮ ಮಗುವಿನ ಒಣಗಿದ ಬಟ್ಟೆಗಳನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಬಟ್ಟೆ ಮಡಚಲು ಹೋದಳು.

ಆ ವಾರ ಮಧ್ಯಾಹ್ನ ಮನೆಗೆ ಬಂದರೆ ಟಿವಿ ಬಂದ್ ಆಗಿರುತ್ತಿತ್ತು. ಊಟ ಬಿಸಿಯಾಗಿ ಮೇಜಿನ ಮೇಲಿರುತ್ತಿತ್ತು, ಅಮ್ಮ ಮಗುವಿನ ಕೋಣೆಯಲ್ಲಿ ಜಪ ಮಾಡುತ್ತಿರುತ್ತಿದ್ದಳು. ನಾನೂ ಕರೆಯಲಿಲ್ಲ. ನನ್ನೊಳಗಿನ ಆಘಾತ ಇನ್ನೂ ಇಳಿದಿರಲಿಲ್ಲ. ಅಮ್ಮ ಮದುವೆಯಾಗುವುದಕ್ಕಿಂತಲೂ ನನ್ನ ತಲೆ ತಿನ್ನುತ್ತಿದ್ದದ್ದು ಬೇರೊಂದು. ಅಮ್ಮನಿಗೆ ಇಂಥ ಒಂದು ಆಸೆ ಇರಬಹುದು ಎಂದು ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಟಿವಿಯಲ್ಲಿ ಮುಖ ಪರಿಚಯವಿಲ್ಲದ ಬಿಳಿ ಹೆಂಗಸರ ಒಂಟಿತನಕ್ಕೆ ಕಣ್ಣೊರೆಸಿಕೊಳ್ಳುತ್ತಿದ್ದ ನಾನು, ಅದೇ ಸೋಫಾದ ಇನ್ನೊಂದು ತುದಿಯಲ್ಲಿ ಹುರುಳಿಕಾಯಿ ಮುರಿಯುತ್ತಿದ್ದವಳು ಕೇವಲ ನನ್ನ ಅಮ್ಮ, ಮಗುವಿನ ಅಜ್ಜಿ, ಅಣ್ಣನ ಮನೆಯ ಕೆಳಕೋಣೆಯವಳು ಎಂದು ತಿಳಿದಿದ್ದೆ. ಅಂಥ ಪಿಕ್ಚರಿನಲ್ಲಿ ನಡೆಯುವುದು ನಮ್ಮ ಮನೆಯಲ್ಲಿ ನಡೆಯುತ್ತದೆಂದು ಯಾರು ಎಣಿಸುತ್ತಾರೆ?

ಮುಂದಿನ ಶುಕ್ರವಾರ ಚರ್ಚಿಗೆ ಹೊರಡುವಾಗ ಅಮ್ಮ ಬೂದಿ ಬಣ್ಣದ ಸೀರೆ ಉಟ್ಟಿದ್ದಳು. ಬೆಂಚಿನಲ್ಲಿ ಕೂತು ನಾನು ಪೂಜೆಯುದ್ದಕ್ಕೂ ಒಂದೇ ತಯಾರಿ ಮಾಡಿಕೊಂಡೆ: ಹೆಸರು ಓದುವಾಗ ತಲೆ ತಗ್ಗಿಸಬಾರದು, ನೋಡುವವರನ್ನು ತಿರುಗಿ ನೋಡಬೇಕು. ಪ್ರಕಟಣೆಗಳು ಬಂದವು. ಕ್ಯಾರಲ್, ಕಾರು, ಮಾರಾಟದಲ್ಲಿ ಉಳಿದ ಕುಸ್ವಾರ್. ಆಮೇಲೆ ಮದುವೆಯ ಹೆಸರುಗಳು. ಒಂದು ಹುಡುಗ, ಒಂದು ಹುಡುಗಿ, ಉಡುಪಿ ಕಡೆಯವರು. ಪಾದ್ರಿಗಳು ಕಾಗದ ಮಡಚಿ, “ಎದ್ದು ನಿಲ್ಲೋಣ” ಎಂದರು.

ಅಷ್ಟೆ. ಅಮ್ಮನ ಹೆಸರು ಬರಲಿಲ್ಲ.

ಹೆಸರು ಓದಿದ ದಿನ ಆದದ್ದು ಒಂದು ತರದ ಹೊಡೆತವಾದರೆ ಇದು ಅದಕ್ಕಿಂತ ದೊಡ್ಡದು. ಎಲ್ಲರೂ ಎದ್ದು ನಿಂತರು, ನಾನು ಕೂತೇ ಇದ್ದೆ. ಪಕ್ಕದಲ್ಲಿ ಅಮ್ಮ ನಿಂತು, ಎಲ್ಲರಿಗಿಂತ ಗಟ್ಟಿಯಾಗಿ, ಕೊನೆಯ ಹಾಡು ಹಾಡುತ್ತಿದ್ದಳು.

ಹೊರಗೆ, ಕಾರುಗಳು ಧೂಳೆಬ್ಬಿಸುವ ಆ ಬಯಲಿನಲ್ಲಿ, ಕಿಡಿಯೊ ಅಂಕಲ್ ನಮ್ಮ ಕಾರಿನ ಹತ್ತಿರ ನಿಂತಿದ್ದರು. ಅಮ್ಮ ಇನ್ನೂ ಹೆಂಗಸರ ಗುಂಪಿನಲ್ಲಿದ್ದಳು. ಅಂಕಲ್ ಕೈಯಲ್ಲಿ ನಮ್ಮ ಸ್ಟೀಲಿನ ಡಬ್ಬ ಇತ್ತು. ಅಮ್ಮ ಅವರಿಗೆ ನೆವ್ರಿ ತುಂಬಿಸಿ ಕೊಟ್ಟದ್ದು.

“ಡಬ್ಬ ತೊಳೆದಿದ್ದೇನೆ,” ಎಂದರು.

“ಅಂಕಲ್, ಇವತ್ತು ಯಾಕೆ ಓದಲಿಲ್ಲ?”

“ನಿಮ್ಮ ಅಮ್ಮ ಬೇಡ ಅಂದ್ರು. ಪಾದ್ರಿಗಳಿಗೆ ಅವರೇ ಹೋಗಿ ಹೇಳಿದ್ದು. ಮಗಳನ್ನು ಕೇಳಿದ್ದೇನೆ ಅಂತ ತಿಳ್ಕೊಂಡಿದ್ದೆ, ಕೇಳಿರಲಿಲ್ಲ, ನನ್ನದೇ ತಪ್ಪು ಅಂದ್ರಂತೆ.” ಡಬ್ಬದ ಮುಚ್ಚಳವನ್ನು ಒಮ್ಮೆ ಒತ್ತಿ ನೋಡಿದರು. “ನೀವು ಬೇಸರ ಮಾಡ್ಬೇಡಿ ಮಗಾ. ಅವರಿಗೆ ಜೋರು ಮಾಡ್ಬೇಡಿ. ನಾನು ಹೇಗೂ ಜನವರಿಯಲ್ಲಿ ಖಲಾಸ್ ಮಾಡಿ ಹೋಗುವವನು.”

ಅವರ ಮುಖದಲ್ಲಿ ಸಿಟ್ಟಿನ ಗೆರೆ ಸಹ ಇರಲಿಲ್ಲ. ಅದಕ್ಕೇ ನನಗೆ ಅಲ್ಲೇ ಅಳು ಬಂತು, ಧೂಳು ಎಂದು ಕಣ್ಣು ಉಜ್ಜಿಕೊಂಡೆ. ನನ್ನ ಅಮ್ಮ ಜೀವಮಾನದಲ್ಲಿ ತನಗಾಗಿ ಕೇಳಿದ್ದು ಇದೊಂದು. ಅದನ್ನೂ ಕೇಳುವ ರೀತಿ ಸರಿಯಿರಲಿಲ್ಲ ಎಂದು, ತಾನೇ ಹೋಗಿ ವಾಪಸ್ಸು ಇಟ್ಟು ಬಂದಿದ್ದಳು.

ಮನೆಗೆ ಬಂದು ಉಂಡೆವು. ಗಂಡ ಮಗುವನ್ನು ಎತ್ತಿಕೊಂಡು ಮಲಗಲು ಹೋದರು. ನಾನು ಟಿವಿ ಹಾಕಿದೆ. ಡಿಸೆಂಬರ್, ಶುಕ್ರವಾರ ಮಧ್ಯಾಹ್ನ, ಬೇರೆ ಏನು ಇರುತ್ತದೆ? ಹಿಮ ಬೀಳುತ್ತಿತ್ತು. ಗುಡ್ಡದ ಮೇಲಿನ ಅದೇ ವಸತಿಗೃಹ. ಆ ಚಾನೆಲ್‌ನವರಿಗೆ ಹಾಕಿದ್ದನ್ನೇ ಹಾಕುವ ಚಟ ಇತ್ತು.

“ಅಮ್ಮ, ಬಾ, ಪಿಕ್ಚರ್,” ಎಂದು ಕರೆದೆ.

ಸ್ವಲ್ಪ ಹೊತ್ತಾದ ಮೇಲೆ ಅಮ್ಮನೇ ಬಂದಳು. ಸೋಫಾದ ತನ್ನ ತುದಿಯಲ್ಲಿ ಕೂತಳು. ಕೈಯಲ್ಲಿ ತರಕಾರಿ ಇರಲಿಲ್ಲ, ಆ ಕೈಗಳಿಗೆ ಏನು ಮಾಡಬೇಕೆಂದು ಗೊತ್ತಿಲ್ಲದ ಹಾಗಿತ್ತು. ಬಡಗಿ ಮಾಡಿನಿಂದ ಇಳಿದ. ವಿಧವೆ ಚಹಾ ಕೊಟ್ಟಳು. ರಜೆಯ ದಿನವಾದ್ದರಿಂದ ಈ ಪಿಕ್ಚರನ್ನು ಮೊದಲ ಸಲ ನಾನು ಕೊನೆಯವರೆಗೂ ನೋಡಿದೆ. ಮರದ ಕೆಳಗೆ ಇಬ್ಬರೂ ಹತ್ತಿರ ಬಂದರು, ಪಿಯಾನೊ ಮೇಲೇರಿತು, ಟಕ್ ಎಂದಿತು, ದೂರ ನಿಂತರು. ಚಪ್ಪಾಳೆ. ಮಗಳು ಓಡಿಬಂದು ಅಮ್ಮನನ್ನು ಅಪ್ಪಿಕೊಂಡಳು. ಅದನ್ನು ಮಾತ್ರ ಕತ್ತರಿಸಿರಲಿಲ್ಲ.

ನಾನು ಟಿವಿಯನ್ನೇ ನೋಡುತ್ತ, ನಮ್ಮ ಮನೆಯ ಕ್ರಮದಲ್ಲೇ ಶುರುಮಾಡಿದೆ. “ಆ ಮಗಳಿಗೆ ಮೊದಲು ಸ್ವಲ್ಪ ಶಾಕ್ ಆಗಿತ್ತು ಅಂತ ಕಾಣ್ತದೆ.”

ಅಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು.

“ಆದರೆ ಆ ಬಡಗಿ ಒಳ್ಳೆಯ ಮನುಷ್ಯ. ಡಬ್ಬ ಸಹ ತೊಳೆದು ಕೊಡ್ತಾನೆ. ಆ ಮಗಳಿಗೆ ಈಗ ಒಪ್ಪಿಗೆ ಉಂಟು.”

ಅಮ್ಮ ನನ್ನ ಕಡೆ ತಿರುಗಿದಳು. “ಟಿವಿ ಬಂದ್ ಮಾಡು,” ಎಂದಳು.

ನಾನು ಅವಳ ಮುಖ ನೋಡಿದೆ. ಅಮ್ಮ ಕೈ ಚಾಚಿ ನನ್ನ ಕೈಯಿಂದ ರಿಮೋಟ್ ತೆಗೆದುಕೊಂಡಳು, ಯಾವ ಗುಂಡಿ ಎಂದು ಹುಡುಕಿ ಒತ್ತಿದಳು. ಹಿಮ ನಿಂತಿತು. ಎಸಿಯ ಸದ್ದು ಮಾತ್ರ ಉಳಿಯಿತು.

“ನಾನು ಆ ಮನುಷ್ಯನನ್ನು ಮದುವೆ ಆಗ್ಬೇಕು ಅಂತ ಇದ್ದೇನೆ,” ಎಂದಳು ಅಮ್ಮ. “ನನಗೆ ಮನಸ್ಸುಂಟು. ನಿನಗೆ ಒಪ್ಪಿಗೆ ಉಂಟಾ, ಇಲ್ವಾ?”

ಮೂರು ತಲೆಮಾರಿನಿಂದ ನಮ್ಮ ಮನೆಯಲ್ಲಿ ಯಾರ ಬಾಯಿಂದಲೂ ಇಂಥ ವಾಕ್ಯ ಬಂದಿರಲಿಕ್ಕಿಲ್ಲ. ಚರ್ಚಿನ ಮೈಕಿಗಿಂತ ಜೋರಾಗಿ ಕೇಳಿಸಿತು ಅದು. ಹೇಳಿದ ಅಮ್ಮನೂ ಹೆದರಿದ್ದಳು. ಇಂಥ ಪ್ರಶ್ನೆಗೆ ಉತ್ತರ ಹೇಳಿ ನನಗೂ ಅಭ್ಯಾಸವಿರಲಿಲ್ಲ.

“ಉಂಟಮ್ಮ,” ಎಂದೆ. “ಆಗು. ನನಗೆ ಖುಷಿ ಉಂಟು.”

ಅಮ್ಮ ತಲೆಯಾಡಿಸಿದಳು. “ಹಾಗಾದ್ರೆ ನಿನ್ನ ಅಣ್ಣನಿಗೆ ಫೋನ್ ಹಚ್ಚು. ಅವನನ್ನೂ ಕೇಳ್ತೇನೆ. ಹೀಗೆಯೇ.”

ಹಚ್ಚಿಕೊಟ್ಟೆ. ಅಮ್ಮ ನಿಂತುಕೊಂಡೇ ಮಾತಾಡಿದಳು, ನನಗೆ ಹೇಳಿದ್ದನ್ನೇ ಒಂದು ಪದ ಹೆಚ್ಚು ಕಮ್ಮಿ ಇಲ್ಲದೆ ಹೇಳಿದಳು. ನಾನು ಹತ್ತಿರ ಹೋಗಿ ಕಿವಿಗೊಟ್ಟೆ. ಅಣ್ಣ ಮೆಲ್ಲಗೆ ಏನೋ ಹೇಳುತ್ತಿದ್ದ. ಅಮ್ಮ, “ಹೂಂ... ಹೂಂ ಮಗಾ... ಈಗ ಕೇಳಿದೆನಲ್ಲ,” ಎಂದು ಹೇಳಿ ಫೋನು ಇಟ್ಟಳು.

“ಎಂತ ಅಂದ?”

“ಮೊದಲೇ ಹೀಗೆ ಕೇಳ್ಬಾರದಿತ್ತಾ ಅಂದ.” ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. “ಏರ್‌ಪೋರ್ಟಿಗೆ ಬರ್ತಾನಂತೆ. ಇಬ್ಬರನ್ನೂ ಕರ್ಕೊಂಡು ಹೋಗ್ಲಿಕ್ಕೆ.”

ಆಮೇಲೆ ಒಳಗೆ ಹೋಗಿ ಚಪ್ಪಲಿ ಮೆಟ್ಟಿ, ಚೀಲ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ನಾನಿನ್ನೂ ಸೋಫಾದಲ್ಲೇ ಕೂತು ಮೂಗು ಸೀಟಿಕೊಳ್ಳುತ್ತಿದ್ದೆ.

“ಏಳು, ಅಂಗಡಿ ತೆಗೆಯುವ ಹೊತ್ತಾಯ್ತು,” ಎಂದಳು.

“ಯಾವ ಅಂಗಡಿ ಅಮ್ಮ?”

“ಸೀರೆ ನೀನೇ ತೆಗೆದುಕೊಡ್ತೇನೆ ಅಂದಿದ್ದಿಯಲ್ಲ,” ಎಂದಳು ಅಮ್ಮ. “ಅದೂ ಪಿಕ್ಚರಿನ ಮಾತಾ?”